‘ಹಿ ಈಸ್ ಪ್ರೆಗ್ನೆಂಟ್’ ಎಂದ ಮೇಷ್ಟ್ರು

‘ದಿಸ್ ಪೇಷಂಟ್ ಈಸ್ ಟ್ವೆಂಟಿ ಏಯ್ಟ್ ಇಯರ್ಸ್ ಓಲ್ಡ್. ಹಿ ಈಸ್ ಪ್ರೆಗ್ನೆಂಟ್.’

ಮೇಷ್ಟ್ರು ಇಷ್ಟು ಹೇಳಿ ಮುಂದಿನ ಸ್ಲೈಡಿಗೆ ಹೋಗಿದ್ದರು. ಹಿಂದಿನ ಬೆಂಚಿನಲ್ಲಿ ಶುರುವಾದ ನಗು ಸಾಲು ಸಾಲು ದಾಟಿ ಮುಂದಿನ ಬೆಂಚಿಗೆ ಬಂದಾಗಲೇ ಅವರಿಗೆ ಏನೋ ಎಡವಟ್ಟಾಗಿದೆ ಎಂದು ಗೊತ್ತಾಗಿದ್ದು. ಸ್ಲೈಡನ್ನು ಹಿಂದಕ್ಕೆ ತಂದು ನೋಡಿದರು. ಅಲ್ಲೇನೂ ತಪ್ಪಿರಲಿಲ್ಲ. ಕೊನೆಗೆ ಕೇರಳದ ಹುಡುಗಿಯೊಬ್ಬಳು ಮೆಲ್ಲಗೆ ‘ಶಿ, ಸರ್’ ಎಂದಳು. ‘ಯೆಸ್, ಯೆಸ್, ಶಿ. ಸಾರಿ’ ಎಂದು ಕನ್ನಡಕ ಸರಿಮಾಡಿಕೊಂಡು ಪಾಠ ಮುಂದುವರಿಸಿದರು. ಎರಡೇ ನಿಮಿಷ, ಅದೇ ಗರ್ಭಿಣಿ ಮತ್ತೆ ‘ಹಿ’ ಆಗಿದ್ದಳು.

ಇದು ನಡೆದದ್ದು 2014ರಲ್ಲಿ, ಚೀನಾದ ಚೋಂಗ್‌ಚಿಂಗ್ ನಗರದಲ್ಲಿ. ಯಾಂಗ್‌ತ್ಸೆ ನದಿಯ ದಂಡೆಯ ಮೇಲಿನ, ಗುಡ್ಡಗಳ ಮೇಲೆ ಗುಡ್ಡ ಪೇರಿಸಿದಂಥ, ವರ್ಷದಲ್ಲಿ ಅರ್ಧ ಕಾಲ ಮಂಜು ಮುಸುಕಿದ ಊರು. ನಾನು ಅಲ್ಲಿ ಎಂಬಿಬಿಎಸ್ ಮೊದಲ ವರ್ಷದಲ್ಲಿದ್ದೆ. ಇಲ್ಲಿಯ ಖಾಸಗಿ ಸೀಟಿನ ಶುಲ್ಕ ನಮ್ಮ ಕೈಗೆಟುಕುವಂತಿರಲಿಲ್ಲ. ಅಪ್ಪ ಮಧುಗಿರಿ ಕಡೆಯ ಕಡಲೆಕಾಯಿ ಹೊಲ ಅಡವಿಟ್ಟು ನನ್ನನ್ನು ವಿಮಾನ ಹತ್ತಿಸಿದ್ದರು. ಪಾಠವೆಲ್ಲ ಇಂಗ್ಲಿಷಿನಲ್ಲಿ ಎಂದು ಏಜೆಂಟ್ ಹೇಳಿದ್ದ. ಅದು ಸುಳ್ಳಾಗಿರಲಿಲ್ಲ. ಆದರೆ ಆ ಇಂಗ್ಲಿಷ್ ಹೇಗಿರುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಹತ್ತನೇ ತರಗತಿವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮ. ತುಮಕೂರಿನಲ್ಲಿ ಪಿಯುಸಿ ಸೇರಿದಾಗ ಮೊದಲ ಮೂರು ತಿಂಗಳು ಲೆಕ್ಚರರ್ ಹೇಳಿದ್ದು ಒಂದೂ ತಲೆಗೆ ಹತ್ತಿರಲಿಲ್ಲ. ಪುಸ್ತಕದ ಒಂದೊಂದು ಇಂಗ್ಲಿಷ್ ಪದದ ಮೇಲೂ ಪೆನ್ಸಿಲ್‌ನಲ್ಲಿ ಕನ್ನಡ ಅಕ್ಷರ ಬರೆದುಕೊಂಡು ಓದಿದವನು ನಾನು. ಅಂಥವನಿಗೆ ಆ ದಿನ ಒಂದು ವಿಚಿತ್ರ ಸಮಾಧಾನವಾಯಿತು. ನನಗಿಂತ ಕೆಟ್ಟ ಇಂಗ್ಲಿಷ್ ಮಾತಾಡುವವರೊಬ್ಬರು ಸಿಕ್ಕಿದ್ದರು. ಅದೂ ಮೇಷ್ಟ್ರು!

ಮಾರನೇ ಕ್ಲಾಸಿನಿಂದ ಲೆಕ್ಕ ಇಡಲು ಶುರು ಮಾಡಿದೆ. ಒಂದು ಹಾಳೆಯ ಮೇಲೆ ‘ಹಿ’ ಎಂದು ಬರೆದು, ಅವರು ತಪ್ಪಿದಾಗಲೆಲ್ಲ ಒಂದು ಗೀಟು. ಕ್ಲಾಸು ಮುಗಿಯುವಷ್ಟರಲ್ಲಿ 17. ಹಾಸ್ಟೆಲಿನಲ್ಲಿ ಅದೊಂದು ದೊಡ್ಡ ತಮಾಷೆಯಾಯಿತು. ‘ಲಂಗ್’ ಎನ್ನಬೇಕಾದಲ್ಲಿ ಅವರು ‘ನಂಗ್’ ಎನ್ನುತ್ತಿದ್ದರು. ‘ನಂಗ್ ಕೆಪ್ಯಾಸಿಟಿ’ ಎಂದಾಗ ಇಡೀ ತರಗತಿಯಲ್ಲಿ ಕನ್ನಡ ಬಲ್ಲ ಒಬ್ಬನೇ ಆದ ನಾನು ಒಳಗೊಳಗೇ ನಗುತ್ತಿದ್ದೆ. ನಂಗೇನೋ ಕೆಪ್ಯಾಸಿಟಿ ಇದೆ, ನಿಮಗಿಲ್ಲವಲ್ಲ ಸರ್ ಎಂದು.

ಒಂದು ದಿನ ಆ ಹಾಳೆಯನ್ನು ಡೆಸ್ಕಿನ ಮೇಲೇ ಮರೆತು ಬಂದೆ. ವಾಪಸ್ ಹೋಗಿ ನೋಡಿದಾಗ ಇರಲಿಲ್ಲ.

ನಾಲಿಗೆಯ ತಪ್ಪಲ್ಲ, ಕಿವಿಯ ಅಭ್ಯಾಸ

ಅಲ್ಲಿ ನಮಗೆ ಚೀನೀ ಭಾಷೆಯೂ ಕಡ್ಡಾಯ. ಮುಂದೆ ವಾರ್ಡಿಗೆ ಹೋದಾಗ ರೋಗಿಗಳೊಂದಿಗೆ ಮಾತಾಡಬೇಕಲ್ಲ. ಆ ಕ್ಲಾಸಿನ ಎರಡನೇ ವಾರದಲ್ಲೇ ನನ್ನ 17 ಗೀಟುಗಳ ಹಿಂದಿನ ಕಾರಣ ಸಿಕ್ಕಿತು.

ಚೀನೀ ಭಾಷೆಯಲ್ಲಿ ಅವನಿಗೂ ‘ತಾ’, ಅವಳಿಗೂ ‘ತಾ’. ಬರೆಯುವಾಗ ಮಾತ್ರ ಅಕ್ಷರ ಬೇರೆ. ಆ ವ್ಯತ್ಯಾಸಕ್ಕೂ ಸುಮಾರು ನೂರು ವರ್ಷವಷ್ಟೇ ವಯಸ್ಸು. ಯುರೋಪಿನ ಭಾಷೆಗಳಿಂದ ಅನುವಾದ ಮಾಡುವಾಗ ‘ಅವಳು’ ಎನ್ನಲು ಬೇರೆ ಅಕ್ಷರ ಬೇಕೆನಿಸಿ, ಲ್ಯೂ ಬಾನ್‌ನೊಂಗ್ ಎಂಬ ಲೇಖಕ ಹೆಣ್ಣು ಎಂಬ ಗುರುತು ಸೇರಿಸಿದ ಅಕ್ಷರವನ್ನು ಬಳಕೆಗೆ ತಂದರು. ಕಣ್ಣಿಗೆ ಭೇದ ಬಂತು, ಕಿವಿಗೆ ಬರಲಿಲ್ಲ. ಹಾಗಾಗಿ ವ್ಯಾಕರಣವನ್ನು ಅರೆದು ಕುಡಿದ ಚೀನೀ ಮೇಷ್ಟ್ರು ಕೂಡ ಮಾತಿನ ಓಟದಲ್ಲಿ ‘ಹಿ’, ‘ಶಿ’ಗಳನ್ನು ಅದಲುಬದಲು ಮಾಡಿಬಿಡುತ್ತಾರೆ.

ಕ್ರಿಯಾಪದದ ಕಥೆ ಇನ್ನೂ ದೊಡ್ಡದು. ನಾವು ‘ಹೋದಳು’ ಎಂದರೆ ಸಾಕು. ಹೋದದ್ದು ಹೆಣ್ಣು, ಒಬ್ಬಳೇ, ಹೋಗಿ ಆಗಿದೆ ಎಂಬುದೆಲ್ಲ ಆ ಒಂದೇ ಪದದಲ್ಲಿದೆ. ಚೀನೀ ಕ್ರಿಯಾಪದ ಯಾರಿಗಾಗಿಯೂ ಬದಲಾಗುವುದಿಲ್ಲ. ನಿನ್ನೆ ಹೋದರೂ ನಾಳೆ ಹೋದರೂ, ಒಬ್ಬರು ಹೋದರೂ ನೂರು ಜನ ಹೋದರೂ ಪದ ಅದೇ. ‘ನಿನ್ನೆ’ ಎಂದೋ ‘ಆಯಿತು’ ಎಂಬರ್ಥದ ಒಂದು ಸಣ್ಣ ಪ್ರತ್ಯಯವನ್ನೋ ಸೇರಿಸಿದರೆ ಕೆಲಸ ಮುಗಿಯಿತು. ಅಂಥವರು ‘ಗೋ, ವೆಂಟ್, ಗಾನ್’ ಪಟ್ಟಿಯನ್ನು ಬಾಯಿಪಾಠ ಮಾಡಿ, ಮಾತಾಡುವಾಗ ಸರಿಯಾದ ಜಾಗದಲ್ಲಿ ಸರಿಯಾದದ್ದನ್ನು ಎತ್ತಿಕೊಳ್ಳಬೇಕು. ‘ಎ’, ‘ದಿ’ಗಳು ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಆ ವಿಷಯದಲ್ಲಿ ಇಬ್ಬರೂ ಒಂದೇ ದೋಣಿಯಲ್ಲಿದ್ದೇವೆ.

‘ನಂಗ್’ ರಹಸ್ಯವೂ ಬಯಲಾಯಿತು. ಚೋಂಗ್‌ಚಿಂಗ್, ಸಿಚುವಾನ್ ಕಡೆಯ ಆಡುಮಾತಿನಲ್ಲಿ ‘ನ’ ಮತ್ತು ‘ಲ’ ಬೇರೆ ಬೇರೆಯಲ್ಲ. ನಮ್ಮ ಕಡೆ ಹಣ ‘ಅಣ’ವಾಗಿ, ಹಾಸನ ‘ಆಸನ’ವಾಗುವ ಹಾಗೆ.

ವೈದ್ಯಕೀಯ ಪದಗಳಂತೂ ಅವರಿಗೆ ಬೆಟ್ಟ. ಚೀನೀ ಭಾಷೆಯಲ್ಲಿ ನ್ಯುಮೋನಿಯಾಕ್ಕೆ ‘ಫೇಯಾನ್’, ಅಂದರೆ ‘ಶ್ವಾಸಕೋಶ ಉರಿಯೂತ’. ನೆಫ್ರೈಟಿಸ್ ಎಂದರೆ ‘ಮೂತ್ರಪಿಂಡ ಉರಿಯೂತ’. ಹಳ್ಳಿಯ ಅಜ್ಜಿಗೂ ಅರ್ಥವಾಗುವ ಪದಗಳು. ಅವನ್ನೆಲ್ಲ ಬಿಟ್ಟು ಗ್ರೀಕ್, ಲ್ಯಾಟಿನ್ ಮೂಲದ ಉದ್ದುದ್ದ ಪದಗಳನ್ನು, ಯಾವ ಉಚ್ಚಾರಾಂಶಕ್ಕೆ ಒತ್ತು ಕೊಡಬೇಕೆಂಬುದೂ ಸೇರಿ, ಹೊಸದಾಗಿ ಕಲಿತು ಪಾಠ ಮಾಡುತ್ತಿದ್ದರು ನಮ್ಮ ಮೇಷ್ಟ್ರು.

ಇಷ್ಟೆಲ್ಲ ಗೊತ್ತಾದ ಮೇಲೂ ನಾನು ನಗುವುದನ್ನು ಪೂರ್ತಿ ಬಿಟ್ಟಿರಲಿಲ್ಲ. ಅದು ಬಿಟ್ಟದ್ದು ವೈವಾ ದಿನ.

‘ವಿಚ್ ಆರ್ಟ್?’

ಮಲಗಿದ್ದ ಮನುಷ್ಯ ಥಟ್ಟನೆ ಎದ್ದು ನಿಂತರೆ ದೇಹದಲ್ಲಿ ಏನೇನಾಗುತ್ತದೆ ಎಂಬುದು ಪ್ರಶ್ನೆ. ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ರಕ್ತದೊತ್ತಡ ಒಂದು ಕ್ಷಣ ಇಳಿಯುತ್ತದೆ, ಕತ್ತಿನ ರಕ್ತನಾಳದ ಸಂವೇದಕಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಹೃದಯದ ಬಡಿತ ಏರುತ್ತದೆ. ಕನ್ನಡದಲ್ಲಿ ಕೇಳಿದ್ದರೆ ಹತ್ತು ನಿಮಿಷ ಹೇಳುತ್ತಿದ್ದೆ.

‘ಆರ್ಟ್ ರೇಟ್ ಇನ್‌ಕ್ರೀಸಸ್’ ಎಂದೆ.

ಮೇಷ್ಟ್ರು ಗಲಿಬಿಲಿಗೊಂಡರು. ‘ಆರ್ಟ್? ವಿಚ್ ಆರ್ಟ್?’

ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಪರೀಕ್ಷಕರು ತುಟಿ ಬಿಗಿಹಿಡಿದು ಬೇರೆ ಕಡೆ ನೋಡಿದರು. ಮತ್ತೆ ‘ಆರ್ಟ್’ ಎಂದೆ. ನನ್ನ ಬಾಯಲ್ಲಿ ‘ಹ’ ಎಂಬುದು ಅವಸರದಲ್ಲಿ ಬರುವುದೇ ಇಲ್ಲ, ಹುಟ್ಟಿದಾಗಿನಿಂದ. ಅದು ನನಗೆ ಗೊತ್ತಾಗಿದ್ದು ಆ ಕ್ಷಣದಲ್ಲಿ. ‘ಹಿ’ ಲೆಕ್ಕ ಹಾಕುತ್ತಿದ್ದವನು ನಾನೇ ‘ಹಿ’ಯನ್ನು ‘ಈ’ ಎನ್ನುವವನು! ಬೆವರು ಇಳಿಯಿತು, ಮಾತು ಪೂರ್ತಿ ನಿಂತೇ ಹೋಯಿತು.

ಮೇಷ್ಟ್ರು ತಮ್ಮ ಎದೆ ಮುಟ್ಟಿ ತೋರಿಸಿ, ‘ಹಾರ್ಟ್?’ ಎಂದು ಕೇಳಿದರು. ತಲೆಯಾಡಿಸಿದೆ. ಒಂದು ಹಾಳೆ, ಪೆನ್ನು ನನ್ನ ಕಡೆ ಸರಿಸಿ, ‘ಡ್ರಾ. ಸ್ಲೋಲಿ. ಐ ಆಲ್ಸೋ ಸ್ಲೋ’ ಎಂದರು. ಚಿತ್ರ ಬರೆದೆ, ಬಾಣ ಹಾಕಿದೆ, ಒಂದೊಂದು ಬಾಣಕ್ಕೆ ಒಂದೊಂದು ಪದ ಹೇಳಿದೆ. ಪಾಸಾದೆ.

ಸಂಜೆ ಅವರ ಕೊಠಡಿಗೆ ಬರಲು ಹೇಳಿದರು. ಹೋದೆ. ಮೇಜಿನ ಡ್ರಾಯರ್‌ನಿಂದ ಒಂದು ಹಾಳೆ ತೆಗೆದು ಎದುರಿಗಿಟ್ಟರು. ನನ್ನದೇ ಹಾಳೆ. ಮೇಲೆ ಕನ್ನಡದಲ್ಲಿ ‘ಹಿ’, ಕೆಳಗೆ 17 ಗೀಟು. ಇದು ಯಾವ ಲಿಪಿ ಎಂದು ಅವರು ಹಲವು ಭಾರತೀಯ ವಿದ್ಯಾರ್ಥಿಗಳನ್ನು ಕೇಳಿದ್ದರಂತೆ. ತೆಲುಗಿನ ಹುಡುಗನೊಬ್ಬ ಇದು ಕನ್ನಡ ಎಂದಿದ್ದ. ತರಗತಿಯಲ್ಲಿ ಕನ್ನಡದವನು ನಾನೊಬ್ಬನೇ.

ನೆಲ ಬಿರಿಯಬಾರದೇ ಎನಿಸಿತು. ಆದರೆ ಹಾಳೆಯ ಕೆಳಭಾಗ ನೋಡಿದಾಗ ಇನ್ನೂ ಬೇರೇನೋ ಬರೆದಿತ್ತು. ಅವರ ಕೈಬರಹದಲ್ಲಿ ದಿನಾಂಕಗಳು, ಎದುರಿಗೆ ಅಂಕಿಗಳು. 14, 15, 11, 9. ಪ್ರತಿ ಪಾಠವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮನೆಗೆ ಹೋಗಿ ಕೇಳಿ, ತಮ್ಮ ತಪ್ಪನ್ನು ತಾವೇ ಎಣಿಸುತ್ತಿದ್ದರು.

‘ಗುಡ್ ಮೆಥಡ್. ಥ್ಯಾಂಕ್ ಯು’ ಎಂದರು. ವ್ಯಂಗ್ಯವೇನೂ ಇರಲಿಲ್ಲ. ನಾನು ಕ್ಷಮೆ ಕೇಳಿದೆನೋ ಇಲ್ಲವೋ ಈಗ ನೆನಪಿಲ್ಲ. ಕೇಳಲು ಬೇಕಾದ ಇಂಗ್ಲಿಷೂ ಆಗ ಬಾಯಿಗೆ ಬಂದಿರಲಿಕ್ಕಿಲ್ಲ.

ಮೂರು ಗ್ರಾಂ ಎಣ್ಣೆ

ಆಮೇಲೆ ಆಗಾಗ ಅವರ ಕೊಠಡಿಗೆ ಹೋಗುತ್ತಿದ್ದೆ. ಅಲ್ಲಿ ಮೇಷ್ಟ್ರನ್ನು ‘ಲಾವೊಶಿ’ ಎನ್ನುತ್ತಾರೆ. ಲಾವೊಶಿ ಹುಟ್ಟಿದ್ದು 1966ರಲ್ಲಿ, ಬೆಟ್ಟದ ಮೇಲಿನ ಹಳ್ಳಿಯಲ್ಲಿ. ಇಂಗ್ಲಿಷ್ ಅಕ್ಷರ ಮೊದಲು ಕಂಡದ್ದು 13ನೇ ವಯಸ್ಸಿನಲ್ಲಿ. ಅವರಿಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಕಾಲೇಜಿನಲ್ಲಿ ಓದಿದ್ದು ರಷ್ಯನ್! 1950ರ ದಶಕದಲ್ಲಿ ಸೋವಿಯತ್ ಒಕ್ಕೂಟ ಚೀನಾದ ಆಪ್ತ ಮಿತ್ರನಾಗಿತ್ತು, ಶಾಲೆ ಕಾಲೇಜುಗಳಲ್ಲಿ ರಷ್ಯನ್‌ಗೇ ಆದ್ಯತೆ. ಗೆಳೆತನ ಮುರಿದ ಮೇಲೆ ಇಂಗ್ಲಿಷ್ ಮರಳಿತು. ರಷ್ಯನ್ ಕಲಿತವರು ಸಣ್ಣ ತರಬೇತಿ ಪಡೆದು ಇಂಗ್ಲಿಷ್ ಮೇಷ್ಟ್ರುಗಳಾದರು. ಆ ಮೇಷ್ಟ್ರು ಭಾನುವಾರ ಒಂದು ಪಾಠ ತಾವು ಕಲಿತು, ಸೋಮವಾರ ಅದನ್ನೇ ಕಲಿಸುತ್ತಿದ್ದರಂತೆ. ವಿದ್ಯಾರ್ಥಿಗಳಿಗಿಂತ ಒಂದೇ ಒಂದು ಪಾಠ ಮುಂದೆ.

ಉಚ್ಚಾರಣೆಗೆ ಟೇಪ್ ಇಲ್ಲ, ರೇಡಿಯೊ ಇಲ್ಲ. ಮಕ್ಕಳು ಇಂಗ್ಲಿಷ್ ಪದದ ಮೇಲೆ ಅದೇ ಸದ್ದಿನ ಚೀನೀ ಅಕ್ಷರ ಬರೆದುಕೊಳ್ಳುತ್ತಿದ್ದರು. ‘ಥ್ಯಾಂಕ್ ಯು’ ಮೇಲೆ ‘ಸಾನ್-ಕ-ಯೋ’. ಆ ಅಕ್ಷರಗಳ ಅರ್ಥ ‘ಮೂರು ಗ್ರಾಂ ಎಣ್ಣೆ’. ಚೀನಾದಲ್ಲಿ ಇದು ಎಲ್ಲರಿಗೂ ಗೊತ್ತಿರುವ ತಮಾಷೆ. ನನ್ನ ಪಿಯುಸಿ ಪುಸ್ತಕದ ಪೆನ್ಸಿಲ್ ಗುರುತುಗಳ ಕಥೆ ಹೇಳಿದಾಗ ಲಾವೊಶಿ ಮೇಜು ಬಡಿದು ನಕ್ಕರು.

ಕಾಲೇಜು ಪ್ರವೇಶ ಪರೀಕ್ಷೆಯನ್ನು ಅಲ್ಲಿ ‘ಗಾವ್‌ಕಾವ್’ ಎನ್ನುತ್ತಾರೆ. 1978ರಲ್ಲಿ ಅದರ ವಿದೇಶಿ ಭಾಷೆಯ ಅಂಕ ಬರೀ ದಾಖಲೆಗೆ. ನಂತರ ಹಂತ ಹಂತವಾಗಿ ಏರಿಸುತ್ತ 1983ಕ್ಕೆ ಪೂರ್ಣ ಅಂಕ ಲೆಕ್ಕಕ್ಕೆ ಬಂತು. ಲಾವೊಶಿ ಪರೀಕ್ಷೆ ಬರೆದದ್ದು 1984ರಲ್ಲಿ. ಅಂದರೆ ಇಂಗ್ಲಿಷ್ ಕೈಕೊಟ್ಟರೆ ಡಾಕ್ಟರಿಕೆಯೂ ಇಲ್ಲ. ವ್ಯಾಕರಣ, ಓದು, ಅನುವಾದ ಎಲ್ಲವನ್ನೂ ಅರೆದು ಕುಡಿದರು. ಮಾತಾಡುವುದು ಮಾತ್ರ ಯಾರಿಗೂ ಬೇಕಿರಲಿಲ್ಲ. ಇಂಥ ಇಂಗ್ಲಿಷಿಗೆ ಚೀನಾದಲ್ಲಿ ಒಂದು ಹೆಸರೇ ಇದೆ, ‘ಯಾಬಾ ಯಿಂಗ್ಯೂ’. ಮೂಕ ಇಂಗ್ಲಿಷ್.

2000ದ ದಶಕದಲ್ಲಿ ಚೀನಾದ ವೈದ್ಯಕೀಯ ವಿಶ್ವವಿದ್ಯಾಲಯಗಳು ವಿದೇಶಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಮಾಧ್ಯಮದ ಕೋರ್ಸ್ ತೆರೆದವು. ವಿಭಾಗದಲ್ಲಿ ಯಾರು ಪಾಠ ಮಾಡುತ್ತೀರಿ ಎಂದಾಗ ಎಲ್ಲರೂ ನೆಲ ನೋಡಿದರಂತೆ. ಕೊನೆಗೆ ಹೊಣೆ ಬಿದ್ದದ್ದು ಇವರ ಮೇಲೆ. ನಲವತ್ತರ ವಯಸ್ಸಿನಲ್ಲಿ, ಬದುಕಿನಲ್ಲಿ ಮೊದಲ ಬಾರಿಗೆ, ಒಬ್ಬ ಮನುಷ್ಯನೆದುರು ಇಂಗ್ಲಿಷಿನಲ್ಲಿ ಬಾಯಿ ತೆರೆದರು. ಒಬ್ಬರೇನು, ಅರವತ್ತು ಜನರ ಎದುರು. ಮೊದಲ ವರ್ಷ ಪ್ರತಿ ಪಾಠವನ್ನೂ ಪದಕ್ಕೆ ಪದ ಕೈಯಲ್ಲಿ ಬರೆದುಕೊಂಡಿದ್ದರು. ಆ ನೋಟ್‌ಬುಕ್ಕುಗಳು ಬೀರುವಿನಲ್ಲಿ ಇನ್ನೂ ಇದ್ದವು. ಒಂದು ತಾಸಿನ ಪಾಠಕ್ಕೆ ಒಂದು ವಾರದ ತಯಾರಿ. ಅದೇ ಪಾಠವನ್ನು ಚೀನೀ ಭಾಷೆಯಲ್ಲಾದರೆ ನಿದ್ದೆಗಣ್ಣಲ್ಲೂ ಮಾಡಬಲ್ಲ ಮನುಷ್ಯ.

ರೆಡ್ ಬುಕ್‌ನಿಂದ ‘ಫಾಲೋ ಮಿ’ವರೆಗೆ

ಇಂಗ್ಲಿಷ್ ಮಾತಾಡಲು ಎಲ್ಲಿಗೆ ಹೋಗುತ್ತೀರಿ ಎಂದು ಲಾವೊಶಿಯನ್ನು ಕೇಳಿದ್ದೆ. ಭಾನುವಾರ ಹತ್ತಿರದ ಪಾರ್ಕಿನ ‘ಇಂಗ್ಲಿಷ್ ಕಾರ್ನರ್’ಗೆ ಕರೆದೊಯ್ದರು. ಚೀನಾದ ಎಷ್ಟೋ ಊರುಗಳಲ್ಲಿ ಇಂಥ ಮೂಲೆಗಳಿವೆ. ಫೀಸಿಲ್ಲ, ಮೇಷ್ಟ್ರಿಲ್ಲ. ಮರದ ಕೆಳಗೆ ನಿಂತು ಸಿಕ್ಕವರೊಂದಿಗೆ ಇಂಗ್ಲಿಷಿನಲ್ಲಿ ಮಾತಾಡುವುದು, ಅಷ್ಟೇ.

ಅಲ್ಲಿ ಸಿಕ್ಕವರು ಒಬ್ಬ ನಿವೃತ್ತ ಶಿಕ್ಷಕಿ. ಆಗ ಅವರಿಗೆ 65ರ ಆಸುಪಾಸು. ಅವರ ಇಂಗ್ಲಿಷ್ ಸ್ವಚ್ಛವಾಗಿತ್ತು, ಸ್ವಲ್ಪ ಹಳೆಯ ಕಾಲದ್ದು. ಶಾಲೆಯಲ್ಲಿ ಅವರು ಕಲಿತ ಮೊದಲ ಇಂಗ್ಲಿಷ್ ವಾಕ್ಯ ‘ಚೇರ್ಮನ್ ಮಾವೊ ಚಿರಾಯುವಾಗಲಿ’ ಎಂಬರ್ಥದ್ದು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾಗಿ ತರಗತಿಗಳು ನಿಂತವು. ಇಂಗ್ಲಿಷ್ ಬಲ್ಲ ಮೇಷ್ಟ್ರುಗಳು ವಿದೇಶಿ ಗೂಢಚಾರರೆಂಬ ಅನುಮಾನಕ್ಕೆ ಗುರಿಯಾದರು. ಪಟ್ಟಣದ ಒಂದೂವರೆ ಕೋಟಿಗೂ ಹೆಚ್ಚು ಹುಡುಗ ಹುಡುಗಿಯರನ್ನು ಹೊಲ ಗದ್ದೆಯ ಕೆಲಸಕ್ಕೆ ಹಳ್ಳಿಗಳಿಗೆ ಕಳಿಸಲಾಯಿತು. ಅವರಲ್ಲಿ ಇವರೂ ಒಬ್ಬರು.

ವಿದೇಶಿ ರೇಡಿಯೊ ಕೇಳಿದರೆ ಅಪರಾಧ. ಇಂಗ್ಲಿಷ್ ಕಾದಂಬರಿ ಸಿಕ್ಕರೆ ಕಥೆ ಮುಗಿಯಿತು. ಆದರೆ ಹೆದರದೆ ಓದಬಹುದಾದ ಇಂಗ್ಲಿಷ್ ಪುಸ್ತಕ ಒಂದಿತ್ತು. ಮಾವೊ ಅವರ ಉಕ್ತಿಗಳ ‘ಕೆಂಪು ಪುಸ್ತಕ’ದ ಇಂಗ್ಲಿಷ್ ಅನುವಾದ! ಅದನ್ನು ಪ್ರಶ್ನಿಸುವ ಧೈರ್ಯ ಯಾರಿಗಿತ್ತು? ಹಗಲೆಲ್ಲ ಭತ್ತದ ಗದ್ದೆಯಲ್ಲಿ ದುಡಿದು ರಾತ್ರಿ ಚೀನೀ ಪುಸ್ತಕ, ಇಂಗ್ಲಿಷ್ ಪುಸ್ತಕ ಅಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ವಾಕ್ಯ ಹೋಲಿಸಿ ನೋಡುತ್ತಿದ್ದರು. ರಾಜಕೀಯಕ್ಕಲ್ಲ, ವಾಕ್ಯರಚನೆಗೆ.

ಹತ್ತು ವರ್ಷ ನಿಂತಿದ್ದ ಗಾವ್‌ಕಾವ್ 1977ರ ಡಿಸೆಂಬರ್‌ನಲ್ಲಿ ಮತ್ತೆ ನಡೆಯಿತು. ಬರೆದವರು ಸುಮಾರು 57 ಲಕ್ಷ, ಸೀಟು ಸಿಕ್ಕಿದ್ದು ಸುಮಾರು 2.7 ಲಕ್ಷ ಜನರಿಗೆ. ನೂರಕ್ಕೆ ಐದು ಮಂದಿಯೂ ಇಲ್ಲ. ಒಂದೇ ಕೊಠಡಿಯಲ್ಲಿ ಹದಿನೆಂಟರ ಹುಡುಗನೂ ಮಕ್ಕಳೊಂದಿಗರೂ ಕೂತು ಪರೀಕ್ಷೆ ಬರೆದರು. 27ರ ಇವರು ಪಾಸಾಗಿ ಶಿಕ್ಷಕರ ಕಾಲೇಜು ಸೇರಿದರು, ಮುಂದೆ ಮಾಧ್ಯಮಿಕ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿಯಾದರು.

1982ರಲ್ಲಿ ಚೀನಾದ ಸರ್ಕಾರಿ ಟಿವಿಯಲ್ಲಿ ಬಿಬಿಸಿಯ ‘ಫಾಲೋ ಮಿ’ ಎಂಬ ಇಂಗ್ಲಿಷ್ ಪಾಠ ಶುರುವಾಯಿತು. ಅದನ್ನು ನಡೆಸಿಕೊಟ್ಟ ಕ್ಯಾಥಿ ಫ್ಲವರ್ ಎಂಬಾಕೆ ದೇಶದಲ್ಲೆಲ್ಲ ಮನೆಮಾತಾದರು. ಇಂಗ್ಲಿಷರು ನಿಜಕ್ಕೂ ಹೇಗೆ ಮಾತಾಡುತ್ತಾರೆ ಎಂದು ಈ ಶಿಕ್ಷಕಿ ಕಿವಿಯಾರೆ ಕೇಳಿದ್ದು ಆಗಲೇ. ತಮ್ಮ ಎಷ್ಟೋ ಉಚ್ಚಾರಣೆ ತಪ್ಪು ಎಂದು ಗೊತ್ತಾಗಿ ಮಾರನೇ ದಿನ ತರಗತಿಯಲ್ಲಿ ಮಕ್ಕಳಿಗೆ ಹೇಳಿದರಂತೆ, ‘ನಿನ್ನೆಯವರೆಗೆ ನಾನು ಹೇಳಿಕೊಟ್ಟದ್ದನ್ನು ತಿದ್ದಿಕೊಳ್ಳೋಣ’ ಎಂದು. ಆ ಮಾತು ಹೇಳುವುದು ಇಂಗ್ಲಿಷ್ ಕಲಿಯುವುದಕ್ಕಿಂತ ಕಷ್ಟವಾಗಿತ್ತು ಎಂದರು.

ಮೂವರು ಲಿಲಿ, ಇಬ್ಬರು ಲೂಸಿ

ಅದೇ ಪಾರ್ಕಿನಲ್ಲಿ ಸಿಕ್ಕವಳು ಇಂಗ್ಲಿಷ್ ಪದವಿ ಓದುತ್ತಿದ್ದ ಗೆಳತಿ. ನನಗೆ ಚೀನೀ ಬೇಕಿತ್ತು, ಅವಳಿಗೆ ಮಾತಾಡಲು ಜೊತೆ ಬೇಕಿತ್ತು. ವಾರಕ್ಕೆರಡು ಸಂಜೆ ಒಂದು ತಾಸು ಇಂಗ್ಲಿಷ್, ಒಂದು ತಾಸು ಚೀನೀ ಎಂದು ಒಪ್ಪಂದ.

ಅವಳ ಊರು ಫೂಲಿಂಗ್‌ನ ಆಚೆ. ಫೂಲಿಂಗ್ ಎಂದರೆ ಅಮೆರಿಕದ ಪೀಟರ್ ಹೆಸ್ಲರ್ 1996ರಿಂದ ಎರಡು ವರ್ಷ ಇಂಗ್ಲಿಷ್ ಕಲಿಸಿದ ನದಿದಂಡೆಯ ಊರು. ಆ ಅನುಭವವನ್ನು ಅವರು ‘ರಿವರ್ ಟೌನ್’ ಎಂಬ ಪುಸ್ತಕದಲ್ಲಿ ಬರೆದಿದ್ದಾರೆ. ಅವರ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ರೈತರ ಮಕ್ಕಳು, ಓದು ಮುಗಿಸಿ ಹಳ್ಳಿ ಪಟ್ಟಣಗಳ ಶಾಲೆಗಳಲ್ಲಿ ಇಂಗ್ಲಿಷ್ ಶಿಕ್ಷಕರಾದವರು.

2001ರಲ್ಲಿ ಚೀನಾ ಸರ್ಕಾರ ಮೂರನೇ ತರಗತಿಯಿಂದಲೇ ಇಂಗ್ಲಿಷ್ ಶುರುಮಾಡಲು ಹೇಳಿತು. ಆದೇಶ ಬಂದಷ್ಟು ಬೇಗ ಶಿಕ್ಷಕರು ಬರಲಿಲ್ಲ. ಗೆಳತಿಯ ಶಾಲೆಯಲ್ಲಿ ಗಣಿತದ ಮೇಷ್ಟ್ರೇ ಇಂಗ್ಲಿಷ್ ಮೇಷ್ಟ್ರಾದರು. ಮಕ್ಕಳಿಗೆಲ್ಲ ಇಂಗ್ಲಿಷ್ ಹೆಸರು ಇಡಬೇಕಿತ್ತು. ಅವರಿಗೆ ಗೊತ್ತಿದ್ದದ್ದು ಆಗಿನ ಜನಪ್ರಿಯ ಪಠ್ಯಪುಸ್ತಕದ ಪಾತ್ರಗಳಾದ ಲಿಲಿ, ಲೂಸಿ ಎಂಬ ಅವಳಿಗಳ ಹೆಸರು ಮಾತ್ರ. ಹಾಗಾಗಿ ಒಂದೇ ತರಗತಿಯಲ್ಲಿ ಮೂವರು ಲಿಲಿ, ಇಬ್ಬರು ಲೂಸಿ. ‘ನನ್ನದು ಮೂರನೇ ಲಿಲಿ’ ಎನ್ನುತ್ತಿದ್ದಳು.

ಬೆಳಗ್ಗೆ ಏಳಕ್ಕೆ ಅವಳ ಕ್ಯಾಂಪಸ್ಸಿಗೆ ಹೋದರೆ ಜಾತ್ರೆಯಂತೆ ಗದ್ದಲ. ಮರದ ಕಡೆಗೋ ಗೋಡೆಯ ಕಡೆಗೋ ಮುಖಮಾಡಿ ಹತ್ತಾರು ಹುಡುಗ ಹುಡುಗಿಯರು ಗಟ್ಟಿಯಾಗಿ ಇಂಗ್ಲಿಷ್ ಓದುತ್ತಿರುತ್ತಾರೆ. ಯಾರೂ ಯಾರನ್ನೂ ನೋಡುವುದಿಲ್ಲ. ಮೊದಲ ದಿನ ನನಗೆ ನಗು ಬಂತು. ಹದಿನೈದು ದಿನಕ್ಕೆ ನಾನೂ ಒಂದು ಮರ ಹಿಡಿದಿದ್ದೆ. ಹಾರ್ಟ್, ಹಾಸ್ಪಿಟಲ್, ಹಾರ್ಮೋನ್, ಹೆಪಟೈಟಿಸ್. ಪ್ರತಿ ‘ಹ’ಗೂ ಅಂಗೈ ಬಾಯಿಗೆ ಹಿಡಿದು ಉಸಿರು ತಾಗುತ್ತದೆಯೇ ನೋಡಿಕೊಳ್ಳುತ್ತಿದ್ದೆ.

ಅಜ್ಜಿ ನಕ್ಕಾಗ

ನಾಲ್ಕನೇ ವರ್ಷ ವಾರ್ಡು. ಈಗ ನಾನು ಚೀನೀ ಮಾತಾಡಬೇಕು. ಒಬ್ಬ ಅಜ್ಜಿಯ ಹಾಸಿಗೆ ಪಕ್ಕ ನಿಂತು ಬಹಳ ವಿನಯದಿಂದ ‘ನಿಮ್ಮನ್ನೊಂದು ಮಾತು ಕೇಳಬೇಕಿತ್ತು’ ಎಂದೆ. ಇಡೀ ವಾರ್ಡು ನಕ್ಕಿತು. ಚೀನೀ ಭಾಷೆಯಲ್ಲಿ ಸ್ವರದ ಏರಿಳಿತ ಬದಲಾದರೆ ಅರ್ಥವೇ ಬದಲಾಗುತ್ತದೆ. ‘ವೆನ್’ ಎಂಬುದನ್ನು ಸ್ವರ ಇಳಿಸಿ ಹೇಳಿದರೆ ‘ಕೇಳು’. ನಾನು ಹೇಳಿದಂತೆ ತಗ್ಗಿಸಿ ಎಳೆದರೆ ‘ಮುತ್ತಿಡು’.

ಅಜ್ಜಿಯ ನಗುವಿನಲ್ಲಿ ವಿಷವಿರಲಿಲ್ಲ. ಆಮೇಲೆ ದಿನವೂ ಕರೆದು ಎರಡು ಪದ ತಿದ್ದುತ್ತಿದ್ದರು. ಆದರೂ ಆ ಒಂದು ಕ್ಷಣ ಕಿವಿ ಬಿಸಿಯಾಗಿ, ಬಾಯಿ ಒಣಗಿ, ಮುಂದಿನ ಪ್ರಶ್ನೆಯೇ ಮರೆತುಹೋಗಿತ್ತು. ನಮ್ಮ ಲಾವೊಶಿ ಇಂಥ ಕ್ಷಣಗಳನ್ನು ವಾರಕ್ಕೆ ನಾಲ್ಕು ಸಲ, ಅರವತ್ತು ಜನರೆದುರು, ವರ್ಷಗಟ್ಟಲೆ ದಾಟಿ ಬಂದಿದ್ದರು.

ಟ್ಯೂಷನ್ ನಿಂತ ದಿನ

ಚೀನಾದ ಇಂಗ್ಲಿಷ್ ಮೇಷ್ಟ್ರುಗಳೆಂದರೆ ನಮಗೆ ನೆನಪಾಗುವುದು ಅಲಿಬಾಬಾದ ಜ್ಯಾಕ್ ಮಾ. ಹಾಂಗ್‌ಝೌನ ಹೋಟೆಲೊಂದರ ಬಳಿಗೆ ಸೈಕಲ್ ತುಳಿದು ಹೋಗಿ, ಪ್ರವಾಸಿಗರಿಗೆ ಪುಕ್ಕಟೆ ಊರು ತೋರಿಸಿ ಇಂಗ್ಲಿಷ್ ಕಲಿತವರು. ಗಾವ್‌ಕಾವ್‌ನಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಶಿಕ್ಷಕರ ಕಾಲೇಜು ಸೇರಿ ಇಂಗ್ಲಿಷ್ ಮೇಷ್ಟ್ರಾದವರು. ಯೂ ಮಿನ್‌ಹೊಂಗ್ ಕೂಡ ಮೂರನೇ ಯತ್ನದಲ್ಲೇ ಪೀಕಿಂಗ್ ವಿಶ್ವವಿದ್ಯಾಲಯ ಸೇರಿ, ಅಲ್ಲೇ ಇಂಗ್ಲಿಷ್ ಕಲಿಸಿ, 1993ರಲ್ಲಿ ‘ನ್ಯೂ ಓರಿಯಂಟಲ್’ ಎಂಬ ಕೋಚಿಂಗ್ ಸಂಸ್ಥೆ ಕಟ್ಟಿದರು. ಅದು ಅಮೆರಿಕದ ಷೇರುಪೇಟೆವರೆಗೂ ಹೋಯಿತು.

ಇಂಥ ಕಥೆ ಕೇಳಿ ಬೆಳೆದ ಗೆಳತಿ ಪದವಿ ಮುಗಿಸಿ ಒಂದು ಟ್ಯೂಷನ್ ಕಂಪನಿ ಸೇರಿದಳು. ಸಂಬಳ ಚೆನ್ನಾಗಿತ್ತು. ನಾನು 2019ರಲ್ಲಿ ಊರಿಗೆ ಬಂದೆ. ವಿದೇಶದಲ್ಲಿ ಎಂಬಿಬಿಎಸ್ ಮಾಡಿದವರು ಬರೆಯಬೇಕಾದ ಅರ್ಹತಾ ಪರೀಕ್ಷೆಯಲ್ಲಿ ಮೊದಲ ಸಲ 150 ಅಂಕ ಮುಟ್ಟಲಿಲ್ಲ. ಆ ದಿನಗಳಲ್ಲಿ ಲಾವೊಶಿ ಮತ್ತು ಗೆಳತಿ ಇಬ್ಬರೂ ವಿಚಾಟ್‌ನಲ್ಲಿ ಧೈರ್ಯ ಹೇಳುತ್ತಿದ್ದರು. 2020ರ ಜೂನ್ ಕೊನೆಗೆ ಭಾರತದಲ್ಲಿ ವಿಚಾಟ್ ನಿಷೇಧವಾಯಿತು. ಒಂದೇ ದಿನದಲ್ಲಿ ಆರು ವರ್ಷದ ಮಾತು ನಿಂತಿತು. ಯಾರದೂ ಇಮೇಲ್ ನನ್ನ ಬಳಿ ಇರಲಿಲ್ಲ.

ವರ್ಷದ ಮೇಲೆ ಗೆಳತಿಯೇ ನನ್ನ ಹಳೆಯ ಇಮೇಲ್ ಹುಡುಕಿ ಬರೆದಳು. ಅಷ್ಟರಲ್ಲಿ ಅವಳ ಕೆಲಸ ಹೋಗಿತ್ತು. 2021ರ ಜುಲೈನಲ್ಲಿ ಚೀನಾ ಸರ್ಕಾರ ಮಕ್ಕಳ ಮೇಲಿನ ಹೋಂವರ್ಕ್ ಮತ್ತು ಟ್ಯೂಷನ್ ಹೊರೆ ಇಳಿಸುವ ನೀತಿ ತಂದು, ಶಾಲಾ ವಿಷಯಗಳಲ್ಲಿ ಲಾಭಕ್ಕಾಗಿ ಟ್ಯೂಷನ್ ನಡೆಸುವುದನ್ನೇ ನಿಷೇಧಿಸಿತು. ನ್ಯೂ ಓರಿಯಂಟಲ್ ಒಂದರಲ್ಲೇ 60 ಸಾವಿರ ಮಂದಿಯನ್ನು ಕೆಲಸದಿಂದ ತೆಗೆದದ್ದಾಗಿ ಯೂ ಮಿನ್‌ಹೊಂಗ್ ಹೇಳಿಕೊಂಡರು. ಖಾಲಿಯಾದ ಸುಮಾರು 80 ಸಾವಿರ ಜೊತೆ ಡೆಸ್ಕು ಕುರ್ಚಿಗಳನ್ನು ಹಳ್ಳಿ ಶಾಲೆಗಳಿಗೆ ಕೊಟ್ಟರು.

ಆಮೇಲೆ ಆ ಸಂಸ್ಥೆ ಆನ್‌ಲೈನ್ ಲೈವ್‌ನಲ್ಲಿ ಅಕ್ಕಿ, ಜೋಳ, ಹಣ್ಣು ಮಾರಲು ಇಳಿಯಿತು. ಮಾರುವವರು ಅದೇ ಹಳೆಯ ಮೇಷ್ಟ್ರುಗಳು. ಶಾನ್‌ಶಿ ಪ್ರಾಂತ್ಯದ ರೈತ ಕುಟುಂಬದ ದೊಂಗ್ ಯೂಹುಯಿ ಎಂಬ ಇಂಗ್ಲಿಷ್ ಮೇಷ್ಟ್ರು ಕ್ಯಾಮೆರಾ ಎದುರು ಬಿಳಿ ಹಲಗೆ ಇಟ್ಟುಕೊಂಡು, ಮಾರುವ ವಸ್ತುವಿನ ಇಂಗ್ಲಿಷ್ ಪದ ಬರೆದು, ಊರಿನ ಕಥೆ ಹೇಳುತ್ತ ಮಾರಿದರು. 2022ರ ಜೂನ್‌ನಲ್ಲಿ ಕೆಲವೇ ದಿನಗಳಲ್ಲಿ ಆ ಚಾನೆಲ್‌ಗೆ ಕೋಟಿಗೂ ಹೆಚ್ಚು ಅನುಯಾಯಿಗಳಾದರು.

‘ಎಲ್ಲರೂ ದೊಂಗ್ ಆಗಲಾರರು’ ಎಂದು ಗೆಳತಿ ಬರೆದಿದ್ದಳು. ಅವಳು ಸರ್ಕಾರಿ ಶಾಲೆಯ ನೇಮಕಾತಿ ಪರೀಕ್ಷೆ ಬರೆದಳು. ಮೊದಲ ಸಲ ಆಗಲಿಲ್ಲ, ಎರಡನೇ ಸಲ ಆಯಿತು. ಈಗ ತನ್ನೂರಿನ ಬಳಿಯ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿ. ಸಂಬಳ ಮೊದಲಿನ ಅರ್ಧ. ಮಕ್ಕಳಿಗೆ ತಾನಾಗಿ ಇಂಗ್ಲಿಷ್ ಹೆಸರು ಇಡುವುದಿಲ್ಲವಂತೆ, ಬೇಕಾದವರು ತಾವೇ ಆರಿಸಿಕೊಳ್ಳಲಿ ಎಂದು ಬಿಟ್ಟಿದ್ದಾಳೆ.

ಇಂದಿನ ಲೆಕ್ಕ

ನಾನೂ ಎರಡನೇ ಸಲ ಪಾಸಾದೆ. ಈಗ ತಾಲ್ಲೂಕು ಕೇಂದ್ರದ ಸಣ್ಣ ಆಸ್ಪತ್ರೆಯೊಂದರಲ್ಲಿ ಡ್ಯೂಟಿ ಡಾಕ್ಟರ್. ಇಲ್ಲಿ ತರಬೇತಿಗೆ ಬರುವ ನರ್ಸಿಂಗ್ ವಿದ್ಯಾರ್ಥಿನಿಯರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದವರು. ಕೇಸ್ ಶೀಟ್ ಓದು ಎಂದರೆ ದನಿಯೇ ಹೊರಡುವುದಿಲ್ಲ. ಅವರ ಪುಸ್ತಕದಲ್ಲೂ ಪೆನ್ಸಿಲ್ ಅಕ್ಷರಗಳಿವೆ. ಅಳಿಸಬೇಡಿ ಎನ್ನುತ್ತೇನೆ. ಸಂಜೆ ಅರ್ಧ ತಾಸು ಒಟ್ಟಿಗೆ ಕೂತು ಗಟ್ಟಿಯಾಗಿ ಓದುತ್ತೇವೆ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ತಪ್ಪು ಎಣಿಸುವ ಕೆಲಸ ಅವರವರದ್ದೇ, ಬೇರೆಯವರು ಎಣಿಸುವಂತಿಲ್ಲ. ನಮ್ಮಲ್ಲಿರುವ ನಿಯಮ ಅದೊಂದೇ. ಓದುತ್ತ ನನ್ನ ‘ಹಾರ್ಟ್’ ಈಗಲೂ ಒಮ್ಮೊಮ್ಮೆ ‘ಆರ್ಟ್’ ಆಗುತ್ತದೆ. ಆಗ ಮೊದಲು ನಗುವವನು ನಾನೇ.

ಇಂಟರ್‌ವ್ಯೂಗೆ ಹೋಗಿ ಇಂಗ್ಲಿಷಿನಲ್ಲಿ ತಡವರಿಸಿ ಬಂದ ಗೆಳೆಯ ಗೆಳತಿಯರು ಇದನ್ನು ಓದುತ್ತಿದ್ದರೆ ನಾನು ಹೇಳಬಹುದಾದದ್ದು ಇಷ್ಟು. ಲಾವೊಶಿಯ ಇಂಗ್ಲಿಷ್ ಕೊನೆಯವರೆಗೂ ಪೂರ್ತಿ ಸರಿಹೋಗಲಿಲ್ಲ. ಆದರೆ ಅವರು ಕಲಿಸಿದ ಶರೀರಕ್ರಿಯೆಯ ಪಾಠ ನನಗೆ ಇಂದಿಗೂ ಕೈಕೊಟ್ಟಿಲ್ಲ. ಭಾಷೆ ಪೂರ್ತಿ ಬರಲಿ, ಆಮೇಲೆ ಬಾಯಿ ತೆರೆಯುತ್ತೇನೆ ಎಂದು ಅವರು ಕೂತಿದ್ದರೆ ನನ್ನಂಥ ನೂರಾರು ಮಂದಿಗೆ ಆ ಪಾಠ ಸಿಗುತ್ತಲೇ ಇರಲಿಲ್ಲ.

ಕಳೆದ ತಿಂಗಳು ಗೆಳತಿ ಲಾವೊಶಿಯನ್ನು ಹುಡುಕಿ ವಿಡಿಯೊ ಕರೆಗೆ ಕೂರಿಸಿದಳು. ಕೂದಲು ಪೂರ್ತಿ ಬೆಳ್ಳಗಾಗಿದೆ, ಕನ್ನಡಕ ಅದೇ. ನನ್ನ ಅಪ್ಪನ ಆರೋಗ್ಯ ಕೇಳಿದರು, ಹೊಲ ಬಿಡಿಸಿಕೊಂಡೆಯಾ ಎಂದು ನೆನಪಿಟ್ಟು ಕೇಳಿದರು. ಆಮೇಲೆ ಖುಷಿಯಿಂದ ತಮ್ಮ ಮನೆಯ ಸುದ್ದಿ ಹೇಳಿದರು.

‘ಮೈ ಡಾಟರ್ ಗಾಟ್ ಮ್ಯಾರೀಡ್. ಹಿ ಈಸ್ ಇನ್ ಚೆಂಗ್ಡು ನೌ.’

ಒಂದು ಕ್ಷಣ ತಡೆದು, ಹುಬ್ಬೇರಿಸಿ, ಬೆರಳೊಂದನ್ನು ಎತ್ತಿ ತೋರಿಸಿದರು. ಇವತ್ತಿನ ಲೆಕ್ಕ, ಒಂದು.

‘ಐ ಡಿಡ್ ನಾಟ್ ಕೌಂಟ್, ಲಾವೊಶಿ’ ಎಂದೆ. ನಿಜವಾಗಿಯೂ ಎಣಿಸಿರಲಿಲ್ಲ.